ರ‍್ಯಾಮಿಗೆ ಅರಿಶಿನ ಕುಂಕುಮ

ಚಿನ್ನು, ಪುಟ್ಟಿ, ಹೋದ ಭಾನುವಾರ ನಿಮ್ಮಪ್ಪನ ಲ್ಯಾಪ್‌ಟಾಪು ಹೊಸ ಸಿಸ್ಟಂ ಹಾಕಿಕೊಳ್ಳಲು ಒಪ್ಪದೆ, ಮೆಮೊರಿ ಸಾಲದು ಎಂದು ಮುಷ್ಕರ ಹೂಡಿದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಜ್ಜಿಗೆ ಏನು ತಿಳಿಯಿತು ಎಂದು ನಗುತ್ತಾರೆ ಎಂಬಂತೆ ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ನಾಲ್ಕು ಜನರ ಎದುರು ಕೂತು ಕತೆ ಹೇಳುವ ಬಾಯಿ ನನಗೆ ಎಂದೂ ಇರಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಿಮ್ಮ ತಾತ ವಿಮಾನಪುರದ ಕಾರ್ಖಾನೆಯಲ್ಲಿದ್ದರು. ಅವರು ಹೋಗುವ ಹಿಂದಿನ ವರ್ಷ, ಮಗಳು ಕಲಿಯಲಿ ಎಂದು ಒಂದು ಕಂಪ್ಯೂಟರ್ ತಂದು ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟರು. ಮಗಳು, ಅಂದರೆ ನಿಮ್ಮಮ್ಮ, ಅದರಲ್ಲಿ ಕಲಿತದ್ದು ಇಸ್ಪೀಟು. ಅವಳು ಬೇಕಾದರೆ ಇಲ್ಲವೆನ್ನಲಿ.

ತಾತ ತೀರಿಕೊಂಡಾಗ ಮನೆಯವರು ವೈಕುಂಠ ಸಮಾರಾಧನೆಯ ಕಾರ್ಡನ್ನು ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿಗೆ ಅಚ್ಚು ಹಾಕಿಸಲು ಕೊಟ್ಟಿದ್ದರು. ಕರಡು ಮನೆಗೆ ಬಂದಾಗ ನಾನು ಪೆನ್ಸಿಲ್ಲಿನಲ್ಲಿ ತಪ್ಪು ತಿದ್ದಿ ಕಳಿಸಿದೆ. ಹೊಸಕೋಟೆಯ ಆಚೆಯ ನಮ್ಮ ಹಳ್ಳಿಯಲ್ಲಿ ನಾನು ಓದಿದ್ದು ಏಳನೆಯ ತರಗತಿವರೆಗೆ. ಆದರೆ ನಮ್ಮ ಮೇಷ್ಟರಿಗೆ ಲೆಕ್ಕ ಬಾರದಿದ್ದರೂ ನಡೆಯುತ್ತಿತ್ತು, ಒತ್ತಕ್ಷರ ತಪ್ಪಿದರೆ ನಡೆಯುತ್ತಿರಲಿಲ್ಲ. ಆ ತಿದ್ದಿದ ಕರಡು ನೋಡಿ ಪ್ರೆಸ್ಸಿನ ಸಾಹೇಬರು ಹೇಳಿಕಳಿಸಿದರು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕನ್ನಡ ಟೈಪು ಮಾಡಿಕೊಡಲಿ, ಮದುವೆ ಕಾರ್ಡುಗಳು ಬೇಕಾದಷ್ಟು ಬರುತ್ತವೆ ಎಂದು. ಹೀಗೆ ಗಂಡನ ಸಮಾರಾಧನೆಯ ಕಾರ್ಡಿನಿಂದ ನನಗೆ ಊರವರ ಮದುವೆಯ ಕೆಲಸ ಸಿಕ್ಕಿತು.

ನಮ್ಮ ಕಡೆಯ, ಹೊಲ ಮಾರಿದ ಮನೆಗಳ ಮದುವೆ ಕಾರ್ಡೆಂದರೆ ಒಂದೊಂದೂ ಒಂದು ಪುಸ್ತಕ. ವರನ ಹೆಸರು ಸಣ್ಣದು, ಸೋದರಮಾವನ ಬಿರುದು ದೊಡ್ಡದು. ಮಾಜಿ ಪಂಚಾಯ್ತಿ ಸದಸ್ಯರು, ಹಾಲಿ ಸಮಾಜ ಸೇವಕರು, ಮುಂದೆ ಏನಾಗುವರೋ ತಿಳಿಯದು, ಅದಕ್ಕೂ ಒಂದು ಸಾಲು ಖಾಲಿ ಬಿಡಿ ಎಂದವರೂ ಇದ್ದರು. ಇವನ್ನೆಲ್ಲ ಟೈಪು ಮಾಡಿ, ಫ್ಲಾಪಿಗೆ ಹಾಕಿ, ಬಿಸಿಲು ತಾಗಬಾರದೆಂದು ಊಟದ ಡಬ್ಬಿಯಲ್ಲಿಟ್ಟುಕೊಂಡು ಇಂದಿರಾನಗರ, ಹಲಸೂರು ದಾಟಿ ಹೋಗುವ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಒಯ್ಯುತ್ತಿದ್ದೆ. ಗಂಡ ಸತ್ತವಳು ಧಾರೆಯ ಹೊತ್ತಿನಲ್ಲಿ ಎದುರಿಗೆ ಸುಳಿಯಬಾರದು, ಚಪ್ಪರದಲ್ಲಿ ಹಿಂದೆ ಕೂರಬೇಕು. ಆದರೆ ಅದೇ ಮದುವೆಯ ಶ್ರೀರಸ್ತು, ಶುಭಮಸ್ತು ನನ್ನ ಬೆರಳಿನಿಂದ ಹೊರಟಿದ್ದಕ್ಕೆ ಯಾವ ದೋಷವೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಯುಗಾದಿಯ ಮುಂಚೆ, ಸಾಹೇಬರು ನನ್ನ ಫ್ಲಾಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು.

"ಅರೆ ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನಮ್ ಪ್ರೆಸ್ಸಲ್ಲಿ ಎಲ್ಲಾ ಹೊಸ ಸಿಸ್ಟಂ ಬಂದ್ಬಿಡ್ತು. ಹಬ್ಬ ಆದ್ಮೇಲೆ ನಿಮ್ ಹಳೇದು ಇಲ್ಲಿ ಓಪನ್ನೇ ಆಗಲ್ಲ. ಈ ಸೀಡಿ ತಗೊಂಡೋಗಿ ಹಾಕಿಸ್ಕೊಳ್ಳಿ."

"ಹಾಕಕ್ಕಾಗ್ದಿದ್ರೆ?"

"ಆಗ್ದಿದ್ರೆ ಹೇಳ್ಬಿಡಿ. ಮದುವೆ ಸೀಸನ್ ಅಮ್ಮಾ, ನಾನು ಬೇರೆಯವರ್ನ ನೋಡ್ಕೋಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತೊಂದರೆ ಇದ್ದದ್ದು ನಮ್ಮ ಮನೆಯಲ್ಲಿ. ನನ್ನ ಮೈದುನ, ನಿಮ್ಮ ಚಿಕ್ಕತಾತ, ಆಗ ಪಕ್ಕದಲ್ಲೇ ಮೂರಂತಸ್ತಿನ ಮನೆ ಕಟ್ಟಿ, ಸೈಟು ಕೊಡಿಸುವ ವ್ಯವಹಾರ ಶುರು ಮಾಡಿದ್ದರು. ಆಗ ಕೆ.ಆರ್. ಪುರದ ಕಡೆ ಯಾರನ್ನು ಕೇಳಿದರೂ ಅದೇ ವ್ಯವಹಾರ. ಹೊಲ ಇದ್ದವರು ಹೊಲ ಮಾರಿದರು, ಇಲ್ಲದವರು ಇದ್ದವರನ್ನು ತೋರಿಸಿದರು. ಆಫೀಸಿಗೆ ಅವರಿಗೆ ಬೇಕಾಗಿದ್ದದ್ದು ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆ. ಮನೆ ಮಾವನವರ ಕಾಲದ್ದು, ಇನ್ನೂ ಭಾಗವಾಗಿರಲಿಲ್ಲ. ಹಿರಿಯರ ಎದುರು ಅವರೇ ಒಂದು ಮಾತು ಆಡಿಬಿಟ್ಟಿದ್ದರು: ಕೋಣೆಯಲ್ಲಿ ಅತ್ತಿಗೆಯ ಕೆಲಸ ನಡೆಯುವವರೆಗೆ ಅದು ಅತ್ತಿಗೆಯದು, ಕೆಲಸ ನಿಂತ ದಿನ ತನ್ನದು. ಕೇಳಿದವರೆಲ್ಲ ಎಂಥ ಧಾರಾಳ ಎಂದು ತಲೆದೂಗಿದರು.

ಸೀಡಿಯ ವಿಷಯ ಕಿವಿಗೆ ಬಿದ್ದದ್ದೇ ಅವರು ಓಡಿ ಬಂದರು.

"ಅತ್ಗೆ, ಇದಕ್ಯಾಕ್ ಯೋಚ್ನೆ ಮಾಡ್ತೀರ? ನಾನೇ ಹಾಕ್ಕೊಡ್ತೀನಿ. ಇಂದಿರಾನಗರದಲ್ಲಿ ಕೋರ್ಸ್ ಮಾಡ್ಲಿಲ್ವಾ ನಾನು?"

ಆ ಕೋರ್ಸಿಗೆ ಅವರು ಹೋಗಿದ್ದು ನಿಜ. ಸೇರುವ ದಿನ ಮತ್ತು ಫೋಟೋ ತೆಗೆಯುವ ದಿನ. ಆದರೂ ನಾನು ಆಗಲಿ ಎಂದು ತಲೆಯಾಡಿಸಿದೆ. ಯಂತ್ರ ಸೋತರೆ ಲಾಭ ಪಡೆಯುವವರೇ ಯಂತ್ರವನ್ನು ಗೆಲ್ಲಿಸಲು ಬಂದಿದ್ದಾರೆ ಎಂಬುದು ಗೊತ್ತಿತ್ತು. ಬೇಡ ಎನ್ನುವ ಅಭ್ಯಾಸ ಇರಲಿಲ್ಲ.

ಸೀಡಿಯ ಕವರಿನ ಮೇಲೆ ನೀಲಿ ಆಕಾಶ, ಹಸಿರು ಗುಡ್ಡ. ಕೆಳಗೆ ಸಾಸಿವೆಯಂಥ ಅಕ್ಷರಗಳಲ್ಲಿ ಎರಡು ಸಾಲು. ನಿಮ್ಮಮ್ಮ ಓದಿ ಹೇಳಿದಳು: ಮೆಮೊರಿ ಕನಿಷ್ಠ ಇಷ್ಟಿರಬೇಕು, ಶಿಫಾರಸು ಮಾಡುವುದು ಇಷ್ಟು. ನನಗೆ ಅದು ಚೆನ್ನಾಗಿ ಅರ್ಥವಾಯಿತು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಜಗಲಿಯಲ್ಲಿ ಕೂತು ನಮಗೇನೂ ಬೇಡ, ನಿಮ್ಮ ಮಗಳಿಗೆ ನಿಮಗೆ ತೋಚಿದ್ದು ಹಾಕಿ ಎನ್ನುತ್ತಾರಲ್ಲ, ಅದು ಕನಿಷ್ಠ. ಹೊರಡುವಾಗ ಗಂಡಿನ ಸೋದರತ್ತೆ ಹಿತ್ತಲಿಗೆ ಬಂದು ಕಿವಿಯಲ್ಲಿ ಹೇಳುತ್ತಾಳಲ್ಲ, ಅದು ಶಿಫಾರಸು. ನಮ್ಮ ಯಂತ್ರದಲ್ಲಿ ಇದ್ದದ್ದು ಮೂವತ್ತೆರಡು ಎಂಬಿ. ಕವರಿನವರ ಕನಿಷ್ಠವೇ ಅರವತ್ತನಾಲ್ಕು.

ಮೈದುನ ಅದನ್ನೆಲ್ಲ ಓದಲಿಲ್ಲ. ಸೀಡಿ ಒಳಗೆ ತಳ್ಳಿ, ಪರದೆ ಇಂಗ್ಲಿಷಿನಲ್ಲಿ ಏನು ಕೇಳಿದರೂ ಹೌದು ಹೌದು ಎಂದು ಒತ್ತುತ್ತಾ ಹೋದರು. ಸ್ವಲ್ಪ ಹೊತ್ತಿಗೆ ನೀಲಿ ಪರದೆಯ ಮೇಲೆ ಬಿಳಿಯ ಅಕ್ಷರ ಬಂತು. ಮೆಮೊರಿ ಸಾಲದು, ಇನ್‌ಸ್ಟಾಲ್ ಮಾಡಲಾಗದು, ಹೊರಗೆ ಹೋಗಲು ಒಂದು ಗುಂಡಿ ಒತ್ತಿ. ಎರಡನೆಯ ಸಲವೂ ಅದೇ. ಮೂರನೆಯ ಸಲ ಅವರು ಸೀಡಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕಿದರು. ಅದು ಮರ್ಯಾದೆಯಿಂದ ಅದೇ ಮಾತು ಹೇಳಿತು.

"ವಯಸ್ಸಾಗೋಗಿದೆ ಅತ್ಗೆ ಇದಕ್ಕೆ" ಎಂದು ಎದ್ದ ಮೈದುನ ಅಂಗಿಯ ಜೇಬಿನಿಂದ ಅಳತೆಯ ಟೇಪು ತೆಗೆದರು. ನನ್ನ ಮೇಜಿನ ಹಿಂದಿನ ಗೋಡೆ ಅಳೆದರು. ಕಂಪ್ಯೂಟರ್ ರಿಪೇರಿಗೆ ಬಂದವರ ಜೇಬಿನಲ್ಲಿ ಟೇಪು ಏಕಿತ್ತು ಎಂದು ನಾನು ಕೇಳಲಿಲ್ಲ.

ಆಗ ನಮ್ಮ ಮಹಡಿಯಲ್ಲಿ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು ಬಾಡಿಗೆಗಿದ್ದಳು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸ. ಗಟ್ಟಿ ದನಿ, ಗಟ್ಟಿ ನಗು. ಸಂಜೆ ಹಾಲು ತೆಗೆದುಕೊಳ್ಳಲು ಇಳಿದವಳು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ.

"ಇಷ್ಟಕ್ಕ ಯಾಕ್ರೀ ಅಳು ಮಾರಿ ಮಾಡ್ಕೊಂಡೀರಿ, ಅಕ್ಕಾರ? ಆ ಸಿಸ್ಟಂ ಇರಾಕ ಕೇಳೂದು ಸ್ವಲ್ಪ. ಒಳಗ ಬರಾಕ ಕೇಳೂದು ಭಾಳ. ಅದನ್ನ ಹಾಕೂ ಇನ್‌ಸ್ಟಾಲರ್ ಐತೆಲ್ಲ, ಅದರದ ದಿಮಾಕು."

"ಅಂದ್ರೆ?"

"ನಿಮ್ಮ ಮದವಿ ಮನ್ಯಾಗ ದೊಡ್ಡ ದೊಡ್ಡ ಹಂಡೇ ಯಾರ್ದು ತರ್ತೀರಿ?"

"ಇಸ್ಕೊಂಡ್ ಬರ್ತೀವಿ. ಮುಗಿದ್ಮೇಲೆ ವಾಪಸ್ ಕೊಡ್ತೀವಿ."

"ಹಾಂ. ಆಮ್ಯಾಲೆ ಆ ಗಂಡ ಹೆಂಡ್ತಿ ಹಂಡೇದಾಗ ಅನ್ನಾ ಮಾಡ್ತಾರೇನ್ರೀ? ಸಣ್ಣ ಪಾತ್ರ್ಯಾಗ ನಡೀತೈತಿ. ನನ್ನ ಕಂಪ್ಯೂಟರಿನ್ಯಾಗಿಂದು ಒಂದು ರ‍್ಯಾಮ್ ಬಿಚ್ಚಿ ಕೊಡ್ತೀನಿ. ಹಾಕೂ ತನಕ ಅದು ಇರಲಿ, ಹಾಕಿದ್ ಮ್ಯಾಲೆ ತೆಗೆದು ನಿಮ್ದು ನೀವು ಇಟ್ಕೋರಿ. ಕನ್ನಡ ಟೈಪ್ ಮಾಡಾಕ ಅಷ್ಟ ಸಾಕು."

ಮೇಲೆ ಹೋಗಿ ತಂದೇಬಿಟ್ಟಳು. ಗೇಣುದ್ದ ಇರದ ಒಂದು ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಸಣ್ಣ ಹಲ್ಲುಗಳು. ನಮ್ಮದರ ನಾಲ್ಕರಷ್ಟು ಮೆಮೊರಿ ಅದರಲ್ಲಿದೆ ಎಂದಳು. ನಾಳೆ ಸಂಜೆ ಆಫೀಸಿನಿಂದ ಬಂದು ತಾನೇ ಹಾಕಿ ಕೊಡುವೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಅದರ ಪ್ಲಾಸ್ಟಿಕ್ ಕವರಿನ ಸಮೇತ ನನ್ನ ಮೇಜಿನ ಮೇಲಿಟ್ಟಳು.

ಮೈದುನ ಬೆಳಿಗ್ಗೆಯೇ ಬಂದರು. ರ‍್ಯಾಮ್ ನೋಡಿದರು, ವಿಷಯ ಕೇಳಿದರು, ಸಂಜೆಯವರೆಗೆ ಕಾಯುವುದು ಸಾಧ್ಯವೇ ಇಲ್ಲ ಎಂದರು. ಸಂಜೆ ಅಮಾವಾಸ್ಯೆ ಸೇರುತ್ತದೆ, ಇವತ್ತು ಶುಕ್ರವಾರ, ರಾಹುಕಾಲಕ್ಕೆ ಮುಂಚೆ ಆಗಬೇಕು. ಅವರು ಜೆಸಿಬಿ ಬಂದರೂ ಪೂಜೆ ಮಾಡುತ್ತಿದ್ದರು, ಬೋರ್‌ವೆಲ್ ಲಾರಿಗೂ ಮಾಡುತ್ತಿದ್ದರು, ಹೊಸ ಮೊಬೈಲಿಗೂ ನಿಂಬೆಹಣ್ಣು ನಿವಾಳಿಸಿದ್ದರು. ಅದರಲ್ಲಿ ಮೋಸವಿರಲಿಲ್ಲ, ಅವರ ಭಕ್ತಿ ನಿಜವಾದದ್ದು. ಏನನ್ನು ಕಂಡರೂ ಅದಕ್ಕೊಂದು ಬೊಟ್ಟು ಇಡದಿದ್ದರೆ ಅವರ ಬೆರಳು ತುರಿಸುತ್ತದೆ.

"ಅತ್ಗೆ, ನೀವು ಸ್ವಲ್ಪ ಒಳಗಿರಿ. ಶುಭ ಕೆಲ್ಸ" ಎಂದರು. ದನಿಯಲ್ಲಿ ವಿಶ್ವಾಸವೇ ಇತ್ತು, ತಪ್ಪು ತಿಳಿಯಬೇಡಿ.

ನನ್ನ ಕೋಣೆ, ನನ್ನ ಯಂತ್ರ, ನನ್ನ ಕೆಲಸ. ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅಲ್ಲಿಂದ ಕಾಣುತ್ತಿತ್ತು. ಯಂತ್ರದ ಪಕ್ಕದ ತಗಡು ಬಿಚ್ಚಿದರು. ಒಳಗಿದ್ದ ನಮ್ಮ ಹಳೆಯ ರ‍್ಯಾಮ್ ತೆಗೆದು, ಎರಡನ್ನೂ ವೀಳ್ಯದೆಲೆಯ ಮೇಲೆ ಜೊತೆಯಾಗಿ ಇಟ್ಟರು. ಬಟ್ಟಲಿನಲ್ಲಿ ಕಲೆಸಿದ ಅರಿಶಿನ, ಇನ್ನೊಂದರಲ್ಲಿ ಕುಂಕುಮ. ಬೆರಳು ಅದ್ದಿ ಬರುವ ರ‍್ಯಾಮಿಗೆ ಇಟ್ಟರು, ಹೋಗುವ ರ‍್ಯಾಮಿಗೂ ಇಟ್ಟರು. ಬರುವ ಮುತ್ತೈದೆಗೂ ಹೊರಡುವ ಮುತ್ತೈದೆಗೂ ಕೊಡುತ್ತೇವಲ್ಲ, ಹಾಗೆ. ಹಸಿರು ಭಾಗದಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಚಿನ್ನದ ಬಣ್ಣ ಕಂಡು ಅದೇ ಮುಖ್ಯವಾದ ಜಾಗ ಎಂದು ಹಲ್ಲುಗಳ ಮೇಲೆ ಉದ್ದಕ್ಕೆ ಎಳೆದರು. ಆ ಮನೆಯಲ್ಲಿ ಅಂದು ಅರಿಶಿನ ಕುಂಕುಮ ಸಿಗದವಳು ನಾನೊಬ್ಬಳೇ.

ಗುಂಡಿ ಒತ್ತಿದರು. ಪರದೆ ಬೆಳಗಲಿಲ್ಲ. ಯಂತ್ರ ಒಳಗಿನಿಂದ ಉದ್ದಕ್ಕೆ ಕೂಗಿತು, ನಿಲ್ಲಿಸಿತು, ಮತ್ತೆ ಕೂಗಿತು. ಹೊಸದು ತೆಗೆದು ಹಳೆಯದನ್ನು ಹಾಕಿದರು. ಅದೂ ಹಾಗೇ ಕೂಗಿತು. ನಿನ್ನೆಯವರೆಗೆ ಕನಿಷ್ಠಪಕ್ಷ ಮಾತಾಡುತ್ತಿತ್ತು, ಈಗ ಅದೂ ಇಲ್ಲ. ನನ್ನ ಕೆಲಸ ಹೋದದ್ದಲ್ಲದೆ ಆ ಹುಡುಗಿಯ ವಸ್ತುವೂ ಹಾಳಾಯಿತೇ ಎಂದು ಹೆದರಿದೆ.

"ಸತ್ತೋಯ್ತು ಅತ್ಗೆ" ಎಂದರು ಮೈದುನ, ಕೈಯ ಅರಿಶಿನ ತೊಳೆಯುತ್ತಾ. "ಋಣ ಇಷ್ಟೇ ಇತ್ತು ಅಂದ್ಕೊಳ್ಳಿ."

ಮಧ್ಯಾಹ್ನ ಊಟ ಮುಗಿಯುವುದರೊಳಗೆ ಒಂದು ಲಗೇಜು ಆಟೋದಲ್ಲಿ ಬೋರ್ಡು ಬಂತು. ಅಷ್ಟು ಬೇಗ ಯಾರೂ ಬೋರ್ಡು ಬರೆಯಲಾರರು. ಯಾವಾಗಲೋ ಬರೆಸಿ ಇಟ್ಟಿದ್ದರು. ಹಳದಿಯ ಮೇಲೆ ಕೆಂಪಕ್ಷರ, ಸೈಟುಗಳು, ಖಾತೆ, ಎಲ್ಲಾ ಬಗೆಯ ವ್ಯವಹಾರ, ಪಕ್ಕದಲ್ಲಿ ಅವರದೇ ಚಿತ್ರ, ಕೈ ಮುಗಿದ ಭಂಗಿಯಲ್ಲಿ. ನನ್ನ ಯಂತ್ರವನ್ನು ನೆಲಕ್ಕಿಳಿಸಿ ಬೋರ್ಡನ್ನು ಮೇಜಿಗೆ ಒರಗಿಸಿದರು. ನೋಡಲು ಪಕ್ಕದ ಮನೆಗಳಿಂದ ನಾಲ್ಕು ಜನ ಬಂದು ನಿಂತರು.

ನಾನು ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬಂದೆ. ಮದುವೆಯಾಗಿ ಬಂದಂದಿನಿಂದ ಮೈದುನನ ಎದುರು ನಿಂತು ನಾನು ಮಾತಾಡಿದ್ದು ಕಾಫಿ ಬೇಕಾ, ಊಟ ಆಯಿತಾ, ಇಷ್ಟೇ.

"ಬೋರ್ಡ್ ಹೊರಗಿಡಿ" ಎಂದೆ. "ಸಂಜೆ ಆ ಹುಡುಗಿ ಬರ್ಲಿ."

"ಅವ್ಳು ಬಂದು ಏನ್ ಮಾಡ್ತಾಳೆ ಅತ್ಗೆ? ಸತ್ತಿರೋದನ್ನ ಎಬ್ಬಿಸ್ತಾಳಾ?"

"ಸತ್ತಿದ್ರೆ ನಂಗೆ ಗೊತ್ತಾಗ್ತಿತ್ತು. ಈ ಮನೇಲಿ ಸಾವು ನೋಡಿರೋಳು ನಾನು."

ಮೈದುನ ಬೋರ್ಡಿನ ಒಂದು ತುದಿ ಹಿಡಿದು ತಾವೇ ಜಗಲಿಗೆ ಎಳೆದುಕೊಂಡು ಹೋದರು. ಕೈ ಮುಗಿದ ಅವರ ಚಿತ್ರ ಹೊಸಿಲಿನ ಮೇಲೆ ಹಿಂದೆ ಹಿಂದೆ ಸರಿಯುತ್ತಾ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಒಳಗೆ ಹೋಗಿ ನೀರು ಕುಡಿದೆ.

ಸಂಜೆ ಹುಡುಗಿ ಬಂದಳು. ಯಂತ್ರವನ್ನು ಮೇಜಿನ ಮೇಲಿಟ್ಟು, ತಗಡು ತೆಗೆದು, ರ‍್ಯಾಮನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಅಕ್ಕಾರ, ಇದಕ್ಕ ಉಡಿ ತುಂಬ್ಯಾರೇನ್ರೀ? ಬ್ಲೌಸ್ ಪೀಸ್ ಎಲ್ಲಿ ಹೋತು?"

ನಾನು ಅಳುವಂತಾಗಿದ್ದೆ. "ಹಾಳಾಗಿದ್ಯೇನಮ್ಮಾ?"

"ಏನೂ ಆಗಿಲ್ಲ. ಈ ಹಲ್ಲು ಅಲ್ಲಿ ತಾಕಬೇಕು, ತಾಕಾಕ ಅರಿಶಿನ ಬಿಡವಲ್ದು. ಪೆನ್ಸಿಲ್ ಅಳಸೂ ರಬ್ಬರ್ ಐತೇನ್ರೀ?"

ಕರಡು ತಿದ್ದುವವಳ ಮನೆಯಲ್ಲಿ ರಬ್ಬರಿಗೆ ಬರವೇ? ಎರಡು ಕೊಟ್ಟೆ. ಒಂದು ಅವಳು ಹಿಡಿದಳು, ಒಂದು ನಾನು. ಒದ್ದೆ ಆರಿ ಗಟ್ಟಿಯಾಗಿದ್ದ ಅರಿಶಿನ ಕುಂಕುಮವನ್ನು ಮೆಲ್ಲಗೆ ಉಜ್ಜಿ ತೆಗೆದೆವು. ಹಲ್ಲುಗಳು ಹೊಳೆದವು. ರ‍್ಯಾಮ್ ಕೂರಿಸಿ, ಇನ್ನು ನೀವೇ ಒತ್ತಿ ಎಂದಳು. ಅಮಾವಾಸ್ಯೆ ಸೇರಿಯಾಗಿತ್ತು. ಗಂಡ ಸತ್ತವಳು ಗುಂಡಿ ಒತ್ತಿದಳು. ಯಂತ್ರ ಒಂದೇ ಒಂದು ಸಣ್ಣ ಕೂಗು ಹಾಕಿ ಬೆಳಗಿತು.

ನೀಲಿ ಪರದೆ ಬಂತು. ನಿನ್ನೆ ನಿಲ್ಲಿಸಿದ ಜಾಗಕ್ಕೂ ಬಂತು. ಅದು ಏನೂ ಕೇಳದೆ ಮುಂದಕ್ಕೆ ಹೋಯಿತು. ಇವತ್ತು ಇದ್ದದ್ದು ಬೇರೆಯವರ ಹಂಡೆ ಎಂದು ಅದಕ್ಕೇನು ಗೊತ್ತು? ಎದುರಿಗೆ ದೊಡ್ಡದು ಕಂಡರೆ ಸಾಕು. ಊರಿನ ಬೀಗರೂ ಹಾಗೆಯೇ. ಅದು ಕಡತಗಳನ್ನು ಇಳಿಸಿಕೊಳ್ಳುವಷ್ಟು ಹೊತ್ತೂ ಹುಡುಗಿಗೆ ಮುದ್ದೆ, ಉಪ್ಸಾರು ಹಾಕಿದೆ. ಪಾಪ, ನುಂಗುವ ಮುದ್ದೆಯನ್ನು ಅಗಿದು ತಿಂದಳು.

ಎಲ್ಲಾ ಮುಗಿದ ಮೇಲೆ ಯಂತ್ರ ಆರಿಸಿ, ತನ್ನ ರ‍್ಯಾಮ್ ತೆಗೆದು, ನಮ್ಮ ಹಳೆಯ ಮೂವತ್ತೆರಡನ್ನು ಉಜ್ಜಿ ಕೂರಿಸಿದಳು. ನನಗೆ ಆಗ ನಿಜವಾದ ಭಯ. ಅಷ್ಟು ದೊಡ್ಡದನ್ನು ಕೇಳಿ ಒಳಗೆ ಬಂದದ್ದು ಈ ಸಣ್ಣದರಲ್ಲಿ ಸಂಸಾರ ಮಾಡುತ್ತದೆಯೇ? ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ಗುಡ್ಡ, ಆಕಾಶ ಎಲ್ಲ ಕಂಡವು. ಕನ್ನಡದ ತಂತ್ರಾಂಶ ಹಾಕಿ, ನಾನು ಮೊದಲಿಗೆ ಶ್ರೀ ಎಂದು ಟೈಪು ಮಾಡಿದೆ. ಅಕ್ಷರ ಒಂದಿಷ್ಟು ತಡವಾಗಿ, ಒತ್ತು ಸಮೇತ ಬಂತು. ನನಗೇನೂ ಅವಸರವಿರಲಿಲ್ಲ.

ಹುಡುಗಿಯ ರ‍್ಯಾಮನ್ನು ಬರಿಗೈಯಲ್ಲಿ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಇಸಕೊಂಡ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಾರನೆಯ ದಿನ ಒಬ್ಬಟ್ಟು ಮಾಡಿ ಡಬ್ಬಿಯಲ್ಲಿ ಹಾಕಿ ಜೊತೆಗೆ ಕೊಟ್ಟೆ. ತುಪ್ಪ ತಾಗದಂತೆ ಬೇರೆ ಬೇರೆ ಇಟ್ಟೆ, ಅಷ್ಟು ಬುದ್ಧಿ ಬಂದಿತ್ತು.

ಮೈದುನ ಬಂದು ಹೊಸ ಪರದೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಹೇಳಿದರು.

"ನೋಡಿದ್ರಾ ಅತ್ಗೆ? ಪೂಜೆ ಮಾಡಿದ್ದಕ್ಕೆ ಎದ್ದು ಕೂತ್ಕೊಳ್ತು."

ಗರುಡಾಚಾರ್‌ಪಾಳ್ಯದಲ್ಲೆಲ್ಲ ಅದನ್ನೇ ಹೇಳಿಕೊಂಡು ಬಂದರು. ನಾನು ಇಲ್ಲ ಎನ್ನಲಿಲ್ಲ. ಒಂದು ಜನ್ಮಕ್ಕಾಗುವಷ್ಟು ಮಾತನ್ನು ಆ ಶುಕ್ರವಾರವೇ ಆಡಿ ಮುಗಿಸಿದ್ದೆ. ಕೋಣೆಯ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ. ಬೋರ್ಡು ಸ್ವಲ್ಪ ದಿನ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಆಮೇಲೆ ಕೆ.ಆರ್. ಪುರದ ರಸ್ತೆಯಲ್ಲಿ ಒಂದು ಅಂಗಡಿಮಳಿಗೆ ನೋಡಿ ಅಲ್ಲಿಗೆ ಸಾಗಿಸಿದರು.

ಆ ಆಫೀಸಿನ ಆರಂಭೋತ್ಸವದ ಕಾರ್ಡನ್ನು ಅವರು ಶಿವಾಜಿನಗರದ ಪ್ರೆಸ್ಸಿಗೆ ಕೊಟ್ಟರು. ಟೈಪಿಗೆ ಅದು ಎಲ್ಲಿಗೆ ಬರುತ್ತದೆ ಎಂದು ಅವರು ಯೋಚಿಸಿರಲಿಲ್ಲ. ಬಂದದ್ದು ನನ್ನ ಮೇಜಿಗೆ, ಹೊಸ ಸಿಸ್ಟಂ ಹಾಕಿದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದಾಗಿ. ಅವರ ಹೆಸರಿನ ಕೆಳಗೆ ಸಮಾಜ ಸೇವಕರು, ದೈವಭಕ್ತರು, ಅದರ ಕೆಳಗೆ ಕಂಪ್ಯೂಟರ್ ಪರಿಣತರು. ಒಂದಕ್ಷರ ಬಿಡದೆ, ಒಂದು ಒತ್ತು ತಪ್ಪದೆ ಟೈಪು ಮಾಡಿದೆ. ಆರಂಭೋತ್ಸವಕ್ಕೆ ಹೋದಾಗ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಎಲ್ಲರ ಕೈಯಲ್ಲೂ ಆ ಕಾರ್ಡಿತ್ತು. ಹಿಂದಿನಿಂದ ಎಲ್ಲಾ ಚೆನ್ನಾಗಿ ಕಾಣುತ್ತಿತ್ತು.

ಆ ಯಂತ್ರದಲ್ಲಿ ನಾನು ನಿಮ್ಮಮ್ಮನ ಮದುವೆಯ ಕಾರ್ಡನ್ನೂ ಮಾಡಿದೆ. ಅವಳ ಧಾರೆಯ ಹೊತ್ತಿನಲ್ಲಿ ನಾನು ಎಲ್ಲಿ ನಿಂತಿದ್ದೆ ಎಂದು ಅವಳನ್ನೇ ಕೇಳಿ. ಹಿಂದಿನ ಸಾಲಿನಲ್ಲಂತೂ ಅಲ್ಲ. ಆ ಹೊತ್ತಿಗೂ ಒಂದು ಮಾತು ಆಡಬೇಕಾಯಿತು, ಆಡಿದ್ದು ಅವಳು.

ಈ ಹಾಳೆಗಳನ್ನು ಕೈಯಲ್ಲೇ ಬರೆದಿದ್ದೇನೆ. ಓದಲು ಕನಿಷ್ಠವೂ ಬೇಕಿಲ್ಲ, ಶಿಫಾರಸೂ ಬೇಕಿಲ್ಲ. ನನ್ನ ಹಳೆಯ ಫ್ಲಾಪಿ ಡಬ್ಬಿಯಲ್ಲಿ ಮಡಚಿ ಹಾಕಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಡಿ. ನಿಮ್ಮ ಚಿಕ್ಕತಾತ ಬಂದ ದಿನ ಮಾತ್ರ ಹೊರಗೆ ತೆಗೆಯಬೇಡಿ. ಓದಿದರೆ ಬೇಜಾರಾಗುತ್ತದೆಂದಲ್ಲ. ಅವರು ಓದುವುದಿಲ್ಲ, ಅರಿಶಿನ ಹಚ್ಚಿಬಿಡುತ್ತಾರೆ.